ನನ್ನ ಕೈಗೆ ಬಂದ ನಾಯಿ

ನಮ್ಮೂರಿನ ಬೆಟ್ಟದಲ್ಲಿ ದಾರಿಗಳು ಒಂದೇ ಕಡೆ ನಿಲ್ಲುವುದಿಲ್ಲ. ನಿನ್ನೆ ನೇರಳೆ ಮರದ ಎಡಗಡೆಯಿಂದ ಹತ್ತಿದ ಕಾಲುದಾರಿ ಇವತ್ತು ಬಂಡೆಯ ಹಿಂದಿನಿಂದ ಹೊರಟಿರುತ್ತದೆ. ನಾಳೆ ಎಲ್ಲಿಂದಲೋ, ಅದಕ್ಕೇ ಗೊತ್ತು. ಹೊರಗಿನಿಂದ ಬಂದವರು ಇದನ್ನು ಕೇಳಿ ಕಣ್ಣು ಕಣ್ಣು ಬಿಡುತ್ತಾರೆ. ನಾವು ಅವರಿಗೊಂದು ಲೋಟ ಕಾಫಿ ಕೊಟ್ಟು ಬೇರೆ ಮಾತು ತೆಗೆಯುತ್ತೇವೆ. ಬೆಟ್ಟದ ದಾರಿ ಗೊತ್ತಿರುವುದು ಪುಟ್ಟ ನಾಯಿಗಳಿಗೆ ಮಾತ್ರ. ದೊಡ್ಡ ನಾಯಿಯಿಂದ ಏನೂ ಪ್ರಯೋಜನವಿಲ್ಲ. ಕಾಡು ಅಳೆಯಲು ಬಂದಿದ್ದ ಸಾಹೇಬರೊಬ್ಬರು ಕರುವಿನಷ್ಟು ಎತ್ತರದ ತಮ್ಮ ನಾಯಿಯನ್ನು ನಂಬಿಕೊಂಡು ಹತ್ತಿದರು. ಮೂರನೆಯ ದಿನ ಇಬ್ಬರೂ ಹೊಟ್ಟೆ ಬೆನ್ನಿಗೆ ಅಂಟಿಸಿಕೊಂಡು ಇಳಿದು ಬಂದರು. ಆಮೇಲೆ ಬೆಟ್ಟದ ಬಾಗಿಲಲ್ಲಿ ಮೊಣಕಾಲೆತ್ತರಕ್ಕೆ ಒಂದು ಅಡ್ಡಪಟ್ಟಿ ಹೊಡೆಸಿದೆವು. ಅದರಡಿ ತಲೆ ತಗ್ಗಿಸದೆ ನುಸುಳುವ ನಾಯಿಗೆ ಪ್ರವೇಶ, ಉಳಿದವು ಮನೆ ಕಾಯಲಿ.

ಹೊಡೆಸಿದೆವು ಎಂದೆನಲ್ಲ, ಹೊಡೆಸಿದವನು ನಾನೇ. ನನ್ನ ಹೆಸರು ದ್ಯಾವಣ್ಣ. ಮೂವತ್ತೊಂದು ವರ್ಷ ಊರಿನ ಶಾಲೆಯಲ್ಲಿ ಗಂಟೆ ಹೊಡೆದಿದ್ದೇನೆ. ಪಾಠ ಮಾಡಿದವರನ್ನು ಊರು ಮರೆತಿದೆ, ನನ್ನನ್ನು ಮಾತ್ರ ಇವತ್ತಿಗೂ ಬೆಲ್ ಮೇಷ್ಟ್ರು ಎಂದು ಕರೆಯುತ್ತಾರೆ. ಸ್ವಲ್ಪ ಗೇಲಿ ಇದೆ, ಇರಲಿ. ನಿವೃತ್ತಿಯಾದ ಮೇಲೆ ಗುರುವಾರದ ತಂಡ ಕಟ್ಟಿದೆ. ಏಳು ಜನ, ಏಳು ನಾಯಿ. ಬೆಳಿಗ್ಗೆ ಏಳಕ್ಕೆ ಬೆಟ್ಟದ ಬಾಗಿಲು ಬಿಟ್ಟು, ನೀರುಬಂಡೆಯವರೆಗೆ ಹತ್ತಿ, ಬುತ್ತಿ ಬಿಚ್ಚಿ ಉಂಡು, ಇಳಿದು ಬರುವುದು. ಇದರಿಂದ ಯಾರಿಗೂ ಏನೂ ಲಾಭವಿಲ್ಲ. ಕಾಡಿನ ತಂಪಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಮೈಗೆ ಹಿತ, ಪುಟ್ಟ ನಾಯಿಗಳು ತರಗೆಲೆಯಲ್ಲಿ ಮೂತಿ ತೂರಿಸಿಕೊಂಡು ಮುಂದೆ ಮುಂದೆ ಹೋಗುವುದನ್ನು ನೋಡಿದರೆ ಮನಸ್ಸಿಗೆ ಹಿತ, ಅಷ್ಟೇ.

ಆದರೆ ನಿಯಮ ಎಂದರೆ ನಿಯಮ. ಬಾಗಿಲ ಹತ್ತಿರ ಹೋಗುವ ಜಾಗದ ಹೆಸರನ್ನು ಮೂರು ಸಲ ಗಟ್ಟಿಯಾಗಿ ಹೇಳಬೇಕು, ನಾಯಿಗಳು ಕೇಳಿಸಿಕೊಳ್ಳಬೇಕು. ಆಮೇಲೆ ಯಾರೂ ತಮ್ಮ ನಾಯಿಯನ್ನು ತಾವು ಹಿಡಿಯಬಾರದು. ಪುಟ್ಟ ನಾಯಿ ಬೇರೆಯವರ ಕೈಯಲ್ಲಿದ್ದರೆ ಹೇಳಿದ ಜಾಗಕ್ಕೆ ದಾರಿ ಹುಡುಕುತ್ತದೆ. ಸಾಕಿದವರ ಕೈಯಲ್ಲಿದ್ದರೆ ಹೇಳಿದ್ದನ್ನು ಬಿಟ್ಟು ಅವರ ಮನಸ್ಸು ಎಲ್ಲಿಗೆ ಎಳೆಯುತ್ತದೋ ಅಲ್ಲಿಗೆ ಹೋಗುತ್ತದೆ. ಮೊದಮೊದಲು ನಮಗೂ ಇದು ಅಷ್ಟಾಗಿ ತಿಳಿದಿರಲಿಲ್ಲ. ಒಂದು ಗುರುವಾರ ಕಾಂಪೌಂಡರ್ ಉಮಾಪತಿ ತಮ್ಮ ನಾಯಿ ಮಾತ್ರೆಯನ್ನು ತಾವೇ ಹಿಡಿದು ಮುಂದೆ ನಡೆದರು. ಎರಡು ಗಂಟೆ ಕಾಡು ಸುತ್ತಿಸಿದ ಮಾತ್ರೆ ನಮ್ಮೆಲ್ಲರನ್ನೂ ತಂದು ನಿಲ್ಲಿಸಿದ್ದು ಮಿಠಾಯಿ ಅಂಗಡಿಯ ಹಿತ್ತಲಿನಲ್ಲಿ. ಉಮಾಪತಿಗೆ ಡಾಕ್ಟರು ಸಿಹಿ ಬಿಡಿಸಿ ಆಗಷ್ಟೇ ಒಂದು ತಿಂಗಳಾಗಿತ್ತು. ಅವರ ಮುಖ ನೋಡಬೇಕಿತ್ತು.

ಅವತ್ತಿನಿಂದ ನಾನು ಎರಡು ಕೆಲಸ ಮಾಡಿದೆ. ಯಾವ ವಾರ ಯಾರು ಯಾರ ನಾಯಿ ಹಿಡಿಯಬೇಕೆಂದು ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದೆ. ದಾರಿ ಕವಲೊಡೆಯುವ ಕಡೆ ಎಣಿಕೆಯ ಪದ್ಧತಿ ತಂದೆ. ಕವಲು ಬಂದಾಗ ನಾನು "ಸಡಿಲ!" ಎನ್ನುತ್ತೇನೆ. ಎಲ್ಲರೂ ಹಗ್ಗ ಸಡಿಲ ಬಿಟ್ಟು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ನಾಯಿಗಳು ಮೂಸಿ, ಯೋಚಿಸಿ, ತಮಗೆ ಸರಿ ಕಂಡ ದಾರಿಯ ಮೇಲೆ ಹೋಗಿ ಕೂರುತ್ತವೆ. ನಾಲ್ಕು ಯಾವ ಕಡೆಯೋ ತಂಡ ಆ ಕಡೆ. ಮನುಷ್ಯರ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಇನ್ನು ನನ್ನ ಅಕ್ಕನ ವಿಷಯ. ರಂಗಕ್ಕ ನನ್ನನ್ನು ಸಾಕಿದವಳು. ನಾನು ನಡೆಯಲು ಕಲಿಯುವ ಮೊದಲೇ ಅವ್ವ ಹೋದಳು. ಎಂಟು ವರ್ಷದ ರಂಗಕ್ಕ ಸೊಂಟದ ಮೇಲೆ ನನ್ನನ್ನು ಕೂರಿಸಿಕೊಂಡೇ ಬೆಳೆದಳು. ನನಗೆ ಮದುವೆ ಕೂಡಿಬರಲಿಲ್ಲ, ಅವಳು ಬೇಡ ಎಂದಳು. ಒಂದೇ ಮನೆಯಲ್ಲಿ ಅಕ್ಕ ತಮ್ಮ ಐವತ್ತೈದು ವರ್ಷ ಕಳೆದೆವು. ಹೀಗಿರುವಾಗ ತನ್ನ ಅರವತ್ತೆರಡನೆಯ ವಯಸ್ಸಿನಲ್ಲಿ ರಂಗಕ್ಕ ಬೆಟ್ಟದ ಆಚೆ ಊರಿನ ಮುದ್ದಯ್ಯನನ್ನು ಮದುವೆಯಾಗುತ್ತೇನೆ ಎಂದಳು. ಆತ ಹೆಂಡತಿ ತೀರಿಕೊಂಡವನು, ರೇಡಿಯೊ ರಿಪೇರಿ ಮಾಡುವವನು. ನಮ್ಮ ಮನೆಯ ರೇಡಿಯೊ ನಾಲ್ಕು ಸಲ ಕೆಟ್ಟಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

"ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಕ್ಕ? ಊರೋರು ನಗ್ತಾರೆ," ಅಂದೆ.

"ನಗ್ಲಿ ಬಿಡು. ನಾನೂ ನಗ್ತೀನಿ," ಅಂದಳು.

ಊರವರೇನೂ ನಗಲಿಲ್ಲ. ಹೋಗಿ ಹೋಳಿಗೆ ಊಟ ಮಾಡಿ, ಅಕ್ಷತೆ ಹಾಕಿ ಬಂದರು. ನಾನು ಮಾತ್ರ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತೆ. ಆಮೇಲೆ ಆರು ವರ್ಷ ಅವಳ ಹೊಸಿಲು ತುಳಿಯಲಿಲ್ಲ. ಅವಳೂ ನನ್ನ ಅಕ್ಕನೇ ತಾನೇ, ಈ ಕಡೆ ತಲೆ ಹಾಕಲಿಲ್ಲ. ಕೇಳಿದವರಿಗೆ ಮರ್ಯಾದೆ, ಮನೆತನ ಎಂದು ಏನೇನೋ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು. ನನ್ನ ಅಕ್ಕ ಬೇರೆ ಯಾರಿಗೋ ಬಿಸಿ ಅನ್ನ ಬಡಿಸುತ್ತಿದ್ದಾಳೆ ಎಂದು ನೆನೆಸಿಕೊಂಡರೆ ನನ್ನ ತಟ್ಟೆಯ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆರನೆಯ ವರ್ಷದ ಚಳಿಗಾಲದಲ್ಲಿ ಒಂದು ಮಂಗಳವಾರ ಪೋಸ್ಟ್ ಕೊಡುವ ವಾರಿಜ ಒಂದು ಕಾರ್ಡು ತಂದುಕೊಟ್ಟಳು. ಅಕ್ಕನ ಕೈಬರಹ. "ತಮ್ಮಾ, ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಲಾರಿ. ಇವರ ಮಗಳ ಊರಿಗೆ ಹೋಗಿ ಅಲ್ಲೇ ಇರುತ್ತೇವೆ. ಮೂರು ದಿನದ ಪ್ರಯಾಣವಂತೆ, ಇನ್ನು ಈ ಕಡೆ ಬರುವುದು ಸುಳ್ಳು. ನಿನಗೆ ಬರಬೇಕು ಅನ್ನಿಸಿದರೆ ಬಾ. ಅನ್ನಿಸದಿದ್ದರೆ ಯಾರದೋ ಬಲವಂತಕ್ಕೆ ಬರಬೇಡ." ಇಷ್ಟೇ.

ವಾರಿಜ ನಮ್ಮ ಗುರುವಾರದ ತಂಡದವಳೇ. ಕಾರ್ಡು ಕೊಟ್ಟ ಮೇಲೂ ಹೋಗದೆ ಹೊಸಿಲ ಮೇಲೆ ನಿಂತಿದ್ದಳು. "ಓದ್ಬಾರ್ದಿತ್ತು, ಓದ್ಬಿಟ್ಟೆ. ಹೋಗ್ತೀರಲ್ಲಾ ಮೇಷ್ಟ್ರೇ?"

"ಗುರುವಾರ ತಂಡ ಎಲ್ಲಿಗೆ ಹೋಗುತ್ತೆ?"

"ನೀರುಬಂಡೆಗೆ."

"ಮತ್ತೆ? ಗೊತ್ತಿದ್ದೂ ಕೇಳ್ತೀಯಲ್ಲ."

ಅವಳು ಸೈಕಲ್ ತಳ್ಳಿಕೊಂಡು ಹೋದಳು. ನಾನು ಕಾರ್ಡನ್ನು ಗೋಡೆಯ ಮೊಳೆಗೆ ಸಿಕ್ಕಿಸಿದೆ, ತೆಗೆದೆ, ಮತ್ತೆ ಸಿಕ್ಕಿಸಿದೆ. ನನ್ನ ನಾಯಿ ಬಟಾಣಿ ಇದನ್ನೆಲ್ಲ ನೋಡುತ್ತಾ ಕೂತಿತ್ತು. ಅಕ್ಕ ಹೋಗುವಾಗ ಬಟಾಣಿ ಎರಡು ವರ್ಷದ್ದು, ಅವಳ ಸೆರಗಿನ ಹಿಂದೆಯೇ ಓಡಾಡಿಕೊಂಡಿತ್ತು. ಬುಧವಾರ ಇಡೀ ದಿನ ಅದೇ ಯೋಚನೆ. ಹೋದರೆ ಸೋತಂತೆ, ಹೋಗದಿದ್ದರೆ ಮತ್ತೆಂದೂ ಅವಳ ಮುಖ ಕಾಣುವುದಿಲ್ಲ. ಎರಡನ್ನೂ ತೂಗಿ ತೂಗಿ ಕೊನೆಗೆ ಹಟವೇ ಗೆದ್ದಿತು.

ಗುರುವಾರ ಬೆಳಿಗ್ಗೆ ಟೈಲರ್ ಜಲಜಮ್ಮ ಆರು ಗಂಟೆಗೇ ಬಂದು ಬಟಾಣಿಯನ್ನು ಕರೆದೊಯ್ದಳು. ಚಳಿ ಜಾಸ್ತಿ, ಎಲ್ಲ ನಾಯಿಗಳ ಅಂಗಿಗೂ ಟೋಪಿ ಹೊಲಿದಿದ್ದೇನೆ, ಅಳತೆ ನೋಡಿ ತೊಡಿಸಿ ತರುತ್ತೇನೆ ಎಂದಳು. ನನಗೇಕೆ ಅನುಮಾನ ಬರಬೇಕು? ನಮ್ಮೂರ ಪುಟ್ಟ ನಾಯಿಗಳೆಲ್ಲ ಒಂದೇ ಸಂತಾನ. ಎಲ್ಲವೂ ಕಂದು, ಎಲ್ಲವೂ ಗಿಡ್ಡ ಕಾಲು, ಎಲ್ಲದರ ಬಾಲವೂ ಮೇಲಕ್ಕೆ ಸುತ್ತಿಕೊಂಡದ್ದು. ಅದರ ಮೇಲೆ ನನ್ನ ಕಣ್ಣಿಗೆ ಪೊರೆ ಬಂದು ವರ್ಷವಾಯಿತು. ಅಂಗಿಯ ಬಣ್ಣ ನೋಡಿ ಯಾವುದು ಯಾರದೆಂದು ಹೇಳುತ್ತಿದ್ದೆ: ಬಟಾಣಿಗೆ ಹಳದಿ, ಜಲಜಮ್ಮನ ಗುಂಡಿಗೆ ಹಸಿರು, ಮಾತ್ರೆಗೆ ಬಿಳಿ, ಹೀಗೆ.

ಬಾಗಿಲ ಹತ್ತಿರ ಏಳೂ ನಾಯಿಗಳು ಹೊಸ ಟೋಪಿ ಹಾಕಿಕೊಂಡು ಪುಟ್ಟ ಅಜ್ಜಿಯರ ಹಾಗೆ ನಿಂತಿದ್ದವು. ನಾನು ಪಟ್ಟಿ ಓದಿದೆ. ಆ ವಾರ ನನ್ನ ಪಾಲಿಗೆ ಗುಂಡಿ. ಹಸಿರು ಅಂಗಿಯ ಹಗ್ಗ ಹಿಡಿದೆ. ನನ್ನ ಹಳದಿ ಅಂಗಿಯ ಬಟಾಣಿ ಗೋಪಣ್ಣನ ಕೈಗೆ ಹೋಯಿತು. ಈ ಗೋಪಣ್ಣ ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು; ಅವನ ನಾಯಿ ಏಳರಲ್ಲೂ ಗಿಡ್ಡದು, ಹೆಸರು ರಾಜಾಧಿರಾಜ. ದೊರೆಸ್ವಾಮಿ ಮತ್ತು ಅವರ ಹೆಂಡತಿ ಲಲಿತಮ್ಮ, ಉಮಾಪತಿ, ವಾರಿಜ, ಜಲಜಮ್ಮ ಎಲ್ಲರೂ ಪಟ್ಟಿಯ ಪ್ರಕಾರ ಹಗ್ಗ ಹಿಡಿದರು. ಅವತ್ತು ಯಾರೂ ತಕರಾರು ಮಾಡಲಿಲ್ಲ. ನಾನು ನೀರುಬಂಡೆ, ನೀರುಬಂಡೆ, ನೀರುಬಂಡೆ ಎಂದು ಕೂಗಿದೆ. ಹೊರಟೆವು.

ಮೊದಲ ಕವಲಿನಲ್ಲಿ ಏಳೂ ನಾಯಿಗಳು ಬಲಕ್ಕೆ ಹೋಗಿ ಕೂತವು. ಏಳಕ್ಕೆ ಏಳು ಒಂದೇ ಕಡೆ ಕೂತದ್ದನ್ನು ನಾನು ನೋಡಿದ್ದೇ ಅಪರೂಪ. "ಇವತ್ತು ದಾರಿ ಸಲೀಸಾಗಿದೆ," ಅಂದೆ. ಉಮಾಪತಿ ಸುಮ್ಮಸುಮ್ಮನೆ ಕೆಮ್ಮಿದರು. ಎರಡನೆಯ ಕವಲಿನಲ್ಲಿ ಐದು ಎಡಕ್ಕೆ, ಎರಡು ಬಲಕ್ಕೆ. ಎಡಕ್ಕೆ ಹತ್ತಿದೆವು. ಹೊನ್ನೆ ಮರಗಳ ನಡುವೆ ಬಿಸಿಲು ಕೋಲು ಕೋಲಾಗಿ ಬೀಳುತ್ತಿತ್ತು, ನಾಯಿಗಳ ಉಸಿರು ಹೊಗೆಯಾಡುತ್ತಿತ್ತು. ದಿಕ್ಕು ಬೇರೆ ಎನ್ನಿಸಿದರೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ದಾರಿಯೇ ದಿನಕ್ಕೊಂದು ಕಡೆ ಮಲಗುವ ಬೆಟ್ಟದಲ್ಲಿ ದಿಕ್ಕು ಹಿಡಿದು ಏನು ಮಾಡುವುದು?

ನೆತ್ತಿಯ ಹತ್ತಿರ ಬಂದಾಗ ಗಾಳಿಯಲ್ಲಿ ಹಿಟ್ಟಿನ ಗಿರಣಿಯ ಸದ್ದು ಕೇಳಿತು. ನಮ್ಮೂರಿನಲ್ಲಿ ಗಿರಣಿಯಿಲ್ಲ. ಅದಿರುವುದು ಆಚೆ ಊರಿನಲ್ಲಿ. ನನ್ನ ಕಾಲು ತಾನಾಗಿ ನಿಂತಿತು. ಎದುರಿಗೇ ಮೂರನೆಯ ಕವಲು. ಒಂದು ದಾರಿ ಆಚೆ ಊರಿನ ಕಡೆ ಇಳಿಯುತ್ತಿತ್ತು, ಇನ್ನೊಂದು ತಿರುಗಿ ನಮ್ಮ ಕಡೆಗೆ. ಗಡಿಯಾರ ನೋಡಿದೆ, ಹನ್ನೊಂದೂಕಾಲು.

"ಮೇಷ್ಟ್ರೇ, ಎಣಿಸಿ," ಅಂದಳು ಜಲಜಮ್ಮ.

"ಸಡಿಲ," ಅಂದೆ.

ವಾರಿಜಳ ಕೈಯ ನಾಯಿ ಓಡಿ ಹೋಗಿ ಆಚೆ ಊರಿನ ದಾರಿಯ ಮೇಲೆ ಕೂತಿತು. ಜಲಜಮ್ಮನದು ಅದರ ಪಕ್ಕ. ಗೋಪಣ್ಣನದೂ ಅಲ್ಲಿಗೇ. ದೊರೆಸ್ವಾಮಿಯವರ ನಾಯಿ ಮಾತ್ರ ಎರಡು ಸಲ ಸುತ್ತಿ ನಮ್ಮೂರಿನ ಕಡೆ ಕೂತಿತು. ಲಲಿತಮ್ಮನದು ಗಂಡನ ನಾಯಿಯ ಹಿಂದೆ ಹೋಯಿತು. ಉಮಾಪತಿಯವರ ನಾಯಿ ನನ್ನನ್ನೊಮ್ಮೆ ನೋಡಿ, ಬಾಲ ಮಡಚಿಕೊಂಡು ಅದೂ ಆ ಕಡೆ. ಮೂರು, ಮೂರು. ಉಳಿದದ್ದು ನನ್ನ ಕೈಯಲ್ಲಿದ್ದ ಹಸಿರು ಅಂಗಿ.

ಅದು ಎರಡು ದಾರಿಗಳ ನಡುವೆ ನಿಂತಿತು. ಮೂಸಲಿಲ್ಲ. ಯೋಚಿಸುವ ಹಾಗೂ ಕಾಣಲಿಲ್ಲ. ಹಿಂತಿರುಗಿ, ಕತ್ತೆತ್ತಿ ನನ್ನ ಮುಖ ನೋಡಿತು. ಬೇರೆಯವರ ನಾಯಿ ಕವಲಿನಲ್ಲಿ ಹಿಡಿದವರ ಮುಖ ನೋಡುವುದಿಲ್ಲ, ಅದಕ್ಕೆ ಅಗತ್ಯವೇ ಇಲ್ಲ. ಇದನ್ನು ನಾನು ತಂಡಕ್ಕೆ ಬಂದ ಹೊಸಬರಿಗೆಲ್ಲ ಪಾಠ ಮಾಡಿದ್ದೇನೆ. ಹಗ್ಗದ ಇನ್ನೊಂದು ತುದಿಯ ಆ ಭಾರ, ಆ ಸಣ್ಣ ಎಳೆತ ಎಂಟು ವರ್ಷದಿಂದ ನನ್ನ ಅಂಗೈಗೆ ಗೊತ್ತಿದ್ದದ್ದು. ಕಣ್ಣಿಗೆ ಪೊರೆ ಬಂದಿರಬಹುದು, ಕೈಗೆ ಬಂದಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಗೊತ್ತಾಗಲಿಲ್ಲ ಎಂದು ಯಾವ ದೇವರ ಮುಂದೆಯೂ ಆಣೆ ಮಾಡಲಾರೆ. ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ನಿಯಮ ಮುರಿದಿದೆ, ಎಣಿಕೆ ನಡೆಯುವುದಿಲ್ಲ ಎಂದು ಕೂಗಬೇಕಾದ ಬೆಲ್ ಮೇಷ್ಟ್ರು ಸುಮ್ಮನೆ ನಿಂತ.

ಅದು ಟಕಟಕ ಹೆಜ್ಜೆ ಹಾಕಿ ಆಚೆ ಊರಿನ ದಾರಿಯ ಮೇಲೆ ಹೋಗಿ ಕೂತಿತು.

"ನಾಲ್ಕು," ಅಂದ ಗೋಪಣ್ಣ. ಆ ವಾರದ ಅವನ ಮೊದಲ ಮಾತು ಅದೇ ಇರಬೇಕು.

ಇಳಿಯುವ ದಾರಿಯಲ್ಲಿ ನಾನು ಮುಂದೆ, ಉಳಿದವರು ಹಿಂದೆ. ನನ್ನ ಮಂಡಿ ನೋವು ಅವತ್ತು ಎಲ್ಲಿ ಹೋಗಿತ್ತೋ. ಹಿಂದಿನಿಂದ ಉಮಾಪತಿ "ಸ್ವಲ್ಪ ನಿಧಾನ ಮೇಷ್ಟ್ರೇ, ಬೀಳ್ತೀರಿ" ಎಂದು ಕೂಗುತ್ತಿದ್ದರು. ಬಿದ್ದರೆ ಬೀಳುತ್ತೇನೆ, ಹನ್ನೆರಡೂವರೆಯ ಒಳಗೆ ಕೆಳಗೆ ಬಿದ್ದರೆ ಸಾಕು ಎಂದುಕೊಂಡೆ. ಕಾಡು ಮುಗಿದು ಊರು ಕಾಣಿಸಿದಾಗ ಹನ್ನೆರಡು ದಾಟಿ ಹತ್ತು ನಿಮಿಷ. ಹೊಂಗೆ ಮರದ ಕೆಳಗೆ ಲಾರಿ ನಿಂತಿತ್ತು. ಮಂಚ ತಲೆಕೆಳಗಾಗಿ ಹತ್ತಿತ್ತು, ಹತ್ತು ಹನ್ನೆರಡು ಹಳೆಯ ರೇಡಿಯೊಗಳು ದುಪ್ಪಟಿಯಲ್ಲಿ ಗಂಟು ಕಟ್ಟಿಸಿಕೊಂಡು ಕೂತಿದ್ದವು. ಲಾರಿಯ ಮೇಲೆ ಮುದ್ದಯ್ಯ ಹಗ್ಗ ಬಿಗಿಯುತ್ತಿದ್ದ. ಕೆಳಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನಿಗೆ ಅಪ್ಪಣೆ ಕೊಡುತ್ತಿದ್ದವಳು ನನ್ನ ಅಕ್ಕ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆರು ವರ್ಷ ಎಷ್ಟೊಂದು ಎಂದು ಅದನ್ನು ನೋಡಿದ ಮೇಲೆಯೇ ನನಗೆ ಹೊಳೆದದ್ದು.

ರಂಗಕ್ಕ ತಿರುಗಿ ನನ್ನನ್ನು ನೋಡಿದಳು. ಬಂದೆಯಾ ಎನ್ನಲಿಲ್ಲ, ಚೆನ್ನಾಗಿದ್ದೀಯಾ ಎನ್ನಲಿಲ್ಲ. ಅವಳ ಕಣ್ಣು ನನ್ನ ಕೈಯ ಹಗ್ಗದ ಮೇಲೆ ಹೋಯಿತು.

"ಯಾರ ನಾಯಿ ಹಿಡ್ಕೊಂಡ್ ಬಂದೆ?"

ನಮ್ಮ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಬೇರೆಯವರ ನಾಯಿ ಹಿಡಿದು ಬಂದರೆ ದಾರಿ ಕರೆತಂದಿತು ಎಂದಷ್ಟೇ ಅರ್ಥ, ಬಂದವನ ಮನಸ್ಸಿಗೆ ಲೆಕ್ಕವಿಲ್ಲ. ಅಕ್ಕ ಕೇಳುತ್ತಿದ್ದದ್ದು ಅದನ್ನೇ. ಉತ್ತರ ನನ್ನ ನಾಲಿಗೆಯ ಮೇಲಿತ್ತು. ಆದರೆ ಆರು ವರ್ಷ ಅಭ್ಯಾಸವಾದ ಹಟ ಅದಕ್ಕಿಂತ ಮುಂಚೆ ಎದ್ದು ನಿಂತಿತು.

"ಜಲಜಮ್ಮಂದು. ಗುಂಡಿ. ನೀರುಬಂಡೆಗೆ ಹೊರಟಿದ್ವಿ, ದಾರಿ ತಪ್ಪಿ ಬಂದ್ವಿ," ಅಂದೆ.

"ಓ, ದಾರಿ ತಪ್ಪಿ," ಅಂದಳು ಅಕ್ಕ. ಮುಖ ಸಣ್ಣದಾಯಿತು. "ಸರಿ. ಬಂದೋರು ಒಂದು ಲೋಟ ನೀರು ಕುಡ್ಕೊಂಡು ಹೋಗಿ. ಪಾತ್ರೆ ಎಲ್ಲಾ ಕಟ್ಟಿದೀನಿ, ಲೋಟ ಒಂದೇ ಇದೆ ಹೊರಗೆ."

ಹಿಂದೆ ನಿಂತಿದ್ದ ಜಲಜಮ್ಮ ಏನೋ ಹೇಳಲು ಬಾಯಿ ತೆರೆದಳು. ವಾರಿಜ ಅವಳ ತೋಳು ಹಿಡಿದು ತಡೆದಳು. ಅಕ್ಕ ಲೋಟಕ್ಕೆಂದು ಹೊರಟವಳು ಮತ್ತೆ ನಿಂತು ನಾಯಿಯ ಕಡೆ ನೋಡಿದಳು. ಅದು ನಾಲಿಗೆ ಚಾಚಿ ಏದುತ್ತಿತ್ತು, ಬಾಲ ಮಾತ್ರ ಒಂದೇ ಸಮನೆ ಅಲ್ಲಾಡುತ್ತಿತ್ತು. "ಬಿಸಿಲೇರಿದೆ, ಇನ್ನೂ ಟೋಪಿ ಹಾಕಿಸ್ಕೊಂಡು ಸಾಯಿಸ್ತಿದೀರಲ್ಲೋ ಇದನ್ನ," ಎನ್ನುತ್ತಾ ಕುಕ್ಕರಗಾಲಲ್ಲಿ ಕೂತು ಕುತ್ತಿಗೆಯ ಹತ್ತಿರದ ಗುಂಡಿ ಬಿಚ್ಚಿದಳು. ಟೋಪಿ ಹಿಂದಕ್ಕೆ ಸರಿಯಿತು. ಎಡಗಿವಿ ನೆಟ್ಟಗೆ ನಿಂತಿತು, ಬಲಗಿವಿ ಅರ್ಧಕ್ಕೆ ಮಡಚಿಕೊಂಡು ಕಣ್ಣಿನ ಮೇಲೆ ಬಿತ್ತು. ಮರಿಯಾಗಿದ್ದಾಗ ಆ ಮಡಚಿದ ಕಿವಿಯನ್ನು ದಿನಾ ಎಣ್ಣೆ ಹಚ್ಚಿ ನೀವಿ ಸರಿಮಾಡಲು ನೋಡಿ ಸೋತವಳು ಅಕ್ಕನೇ.

ಅವಳ ಕೈ ಆ ಕಿವಿಯ ಮೇಲೆ ನಿಂತುಬಿಟ್ಟಿತು. "ಬಟಾಣಿ," ಅಂದಳು.

ಆಗಲೂ ನಾನು ತಪ್ಪಿಸಿಕೊಳ್ಳಬಹುದಿತ್ತು. ಜಲಜಮ್ಮನ ಮೇಲೆ ಹಾರಾಡಬಹುದಿತ್ತು, ನನಗೇನು ಗೊತ್ತು, ಇವರೆಲ್ಲ ಸೇರಿ ಮೋಸ ಮಾಡಿದರು ಎನ್ನಬಹುದಿತ್ತು. ಅಕ್ಕ ಕೂತಲ್ಲಿಂದಲೇ ತಲೆಯೆತ್ತಿ ನೋಡುತ್ತಿದ್ದಳು.

"ಗೊತ್ತಿತ್ತು ಕಣಕ್ಕ," ಅಂದೆ. "ಮೇಲೆ ಕವಲಲ್ಲೇ ಗೊತ್ತಾಯ್ತು. ಗೊತ್ತಿದ್ದೇ ಬಂದೆ. ಹೊಟ್ಟೆಕಿಚ್ಚು ಕಣಕ್ಕ ನಂಗೆ, ಇನ್ನೇನೂ ಅಲ್ಲ."

"ಅಷ್ಟು ಹೇಳೋಕೆ ಆರು ವರ್ಷ ಬೇಕಾಯ್ತೇನೋ ಕತ್ತೆ," ಎಂದು ಅಕ್ಕ ಎದ್ದು ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು. "ಎಷ್ಟ್ ಸೊರಗಿದೀಯೋ. ಏನ್ ತಿಂತೀಯಾ ನೀನು?"

ಅರವತ್ತು ದಾಟುತ್ತಿರುವ ಗಂಡಸು ನಡುಬೀದಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ನಾಚಿಕೆಯಾಗಲಿಲ್ಲ. ತಂಡದವರೆಲ್ಲ ಇದ್ದಕ್ಕಿದ್ದಂತೆ ಹೊಂಗೆ ಮರದ ಎಲೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಲಾರಿಯ ಮೇಲಿಂದ ಮುದ್ದಯ್ಯ ಇಳಿದು ಬಂದು ನಿಂತ. ಅವನ ಕೈಯಲ್ಲಿ ಹಗ್ಗದ ತುಂಡಿತ್ತು. ನಾನು ಹೋಗಿ ಅದರ ಇನ್ನೊಂದು ತುದಿ ಹಿಡಿದೆ. "ಕೊಡಿ ಭಾವ, ಆ ರೇಡಿಯೊ ಗಂಟು ಜಾರುತ್ತೆ, ಇನ್ನೊಂದು ಸುತ್ತು ಬಿಗಿಯೋಣ," ಅಂದೆ. ಇಬ್ಬರೂ ಸೇರಿ ಬಿಗಿದೆವು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಜಲಜಮ್ಮ ಹೋಗಿ ಅವನ ಬಾಯಿಗೆ ಬುತ್ತಿಯ ಪುಳಿಯೋಗರೆ ತುರುಕಿ ಸುಮ್ಮನಾಗಿಸಿದಳು. ಹೀಗೆ ನಮಗೆ ಇಪ್ಪತ್ತು ನಿಮಿಷ ಸಿಕ್ಕಿತು. ಅಕ್ಕ ನನ್ನ ಪಕ್ಕದಲ್ಲಿ ಟ್ರಂಕಿನ ಮೇಲೆ ಕೂತು, ತೊಡೆಯ ಮೇಲೆ ಬಟಾಣಿಯನ್ನು ಹಾಕಿಕೊಂಡು, ಕಣ್ಣಿನ ಆಪರೇಷನ್ ಯಾವಾಗ ಮಾಡಿಸುತ್ತೀಯಾ ಎಂದು ಬೈದಳು. ನಾನು ಮಾಡಿಸುತ್ತೇನೆ, ಕಾಗದ ಬರೆಯುತ್ತೇನೆ, ಬಿಸಿಲು ಕಾಲದಲ್ಲಿ ನಾನೇ ಬಂದು ಹದಿನೈದು ದಿನ ಇರುತ್ತೇನೆ ಎಂದೆಲ್ಲ ಮಾತು ಕೊಟ್ಟೆ. ಕೊಟ್ಟ ಮಾತೆಲ್ಲ ಆಮೇಲೆ ನಡೆಸಿಯೂ ನಡೆಸಿದೆ. ಲಾರಿ ಹೊರಟಿತು. ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕನ ಕೈ ಆಡುತ್ತಲೇ ಇತ್ತು.

ವಾಪಸು ಹೊರಡುವ ಮುಂಚೆ ಎಲ್ಲರೂ ಒಬ್ಬೊಬ್ಬರಾಗಿ ಒಪ್ಪಿಕೊಂಡರು. ನನ್ನ ಪಟ್ಟಿ ನೋಡಿಕೊಂಡೇ ಅಂಗಿ ಬದಲಾಯಿಸಿದ್ದರಂತೆ, ಪ್ರತಿಯೊಬ್ಬರ ಕೈಗೂ ಅವರವರ ನಾಯಿಯೇ ಬರುವ ಹಾಗೆ. ಆರೂ ಜನ ಒಂದೇ ಮನಸ್ಸಿನಿಂದ ನನ್ನನ್ನು ಅಕ್ಕನ ಹತ್ತಿರ ಮುಟ್ಟಿಸಬೇಕು ಎಂದುಕೊಂಡರೆ ಆರು ನಾಯಿಗಳು ಈ ಕಡೆ, ನನ್ನದೊಂದು ಯಾವ ಕಡೆ ಹೋದರೇನು ಎಂಬುದು ಜಲಜಮ್ಮನ ಲೆಕ್ಕ.

"ಹಾಗಾದ್ರೆ ಮೂರನೇ ಕವಲಲ್ಲಿ ಏನಾಯ್ತು?" ಎಂದು ಕೇಳಿದೆ.

ದೊರೆಸ್ವಾಮಿ ತಲೆ ತಗ್ಗಿಸಿದರು. "ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ಹಸಿವಾಗಿತ್ತು. ಒಂದು ಗಳಿಗೆ ಮನೆ ಊಟ ನೆನಪಾಗ್ಬಿಡ್ತು." ಲಲಿತಮ್ಮ ಗಂಡನನ್ನು ದುರುಗುಟ್ಟಿ ನೋಡಿದರು, ತಮ್ಮ ವಿಷಯ ಹೇಳಲಿಲ್ಲ. ಉಮಾಪತಿ "ನೀವು ಬೈತೀರಿ ಅಂತ ಹೆದರಿಕೆ ಆಯ್ತು" ಎಂದರು. ಅವರ ಹೆಗಲ ಮೇಲೆ ಕೈ ಹಾಕಿ ನಕ್ಕೆ. ಆಮೇಲೆ ವಾರಿಜ ಏಳೂ ಹಗ್ಗಗಳನ್ನು ಒಟ್ಟು ಮಾಡಿ, ಒಂದೊಂದೇ ಕೈಗೆ ಸರಿಯಾಗಿ ಅದಲು ಬದಲು ಮಾಡಿ ಹಂಚಿದಳು. ಬಟಾಣಿಯನ್ನು ನಾನು ಕೇಳಿದೆ, ನಾಚಿಕೆ ಬಿಟ್ಟು ಎರಡು ಸಲ ಕೇಳಿದೆ. ಕೊಡಲಿಲ್ಲ. ಒಳ್ಳೆಯದೇ ಆಯಿತು. ಕೊಟ್ಟಿದ್ದರೆ ಏಳು ಜನ, ಏಳು ಪುಟ್ಟ ನಾಯಿಗಳು, ಇವತ್ತಿಗೂ ಆ ಲಾರಿಯ ಹಿಂದೆಯೇ ನಡೆಯುತ್ತಿರುತ್ತಿದ್ದೆವು.